ಎದ್ದೀರಿ, ಜೋಕೆ!

ಮಾರ್ಚ್ 3

ಎಚ್ಚರಿಕೆ ಸಾಹೇಬರಿಗೆ ಅಕ್ಕನ ಸಲಾಮು,

ಏಣಿ ಹತ್ತಬೇಡ ಎಂದು ನೀನು ಬರೆದ ಕಾಗದವನ್ನು ಏಣಿಯ ಮೇಲೆ ಕೂತೇ ಓದಿದೆ. ಅಂಚೆಯವನು ಕೆಳಗೆ ನಿಂತು, "ಬೋರ್ಡಕ್ಕಾ, ಇಳಿದು ಬನ್ನಿ, ಕಾಗದ ಇದೆ" ಅಂದ. "ನನ್ನ ಮಂಡಿ ನೋಡು, ನಿನ್ನ ಮಂಡಿ ನೋಡು. ನೀನೇ ಹತ್ತಿ ಕೊಡು" ಅಂದೆ. ಪಾಪ, ಹತ್ತಿ ಕೊಟ್ಟ. ಕಾಲು ನಡುಗಿದ್ದು ಅವನದು, ನನ್ನದಲ್ಲ.

ಬೇಕರಿಯ ನೆತ್ತಿಯ ಮೇಲೆ ಹೆಸರು ಬರೆಯುತ್ತಿದ್ದೇನೆ. ಕಂಪ್ಯೂಟರಿನಲ್ಲಿ ಮಾಡಿಸಿದ ಪ್ಲಾಸ್ಟಿಕ್ ಬೋರ್ಡು ಒಂದೇ ಬೇಸಿಗೆಗೆ ಬಣ್ಣ ಬಿಟ್ಟಿತಂತೆ. "ಅಮ್ಮಾ, ನೀವೇ ಬರೀರಿ, ನಿಮ್ಮ ಅಕ್ಷರ ನಮ್ಮಪ್ಪನ ಕಾಲದಿಂದ ಅಳಿಸಿಲ್ಲ" ಎಂದು ಬೇಕರಿಯವನು ಮನೆಗೆ ಬಂದು ಕರೆದ. ಎಪ್ಪತ್ತಮೂರಾಯಿತು ಎಂದು ಈಗ ನಾನು ಕೈ ತೊಳೆದುಕೊಂಡು ಕೂರಬೇಕೇ?

ನೀನಿಟ್ಟ ಆಸ್ಪತ್ರೆಯ ಕರಪತ್ರವನ್ನೂ ಓದಿದೆ, ಹಿರಿಯರು ಬೀಳದಿರುವುದು ಹೇಗೆ ಎಂಬುದನ್ನು. ಅದರಲ್ಲೊಬ್ಬಳು ಮುದುಕಿ ಸ್ನಾನದ ಮನೆಯಲ್ಲಿ ಕಾಲು ಮೇಲೆ ಮಾಡಿ ಬಿದ್ದಿದ್ದಾಳೆ, ಮುಖದಲ್ಲಿ ಮಾತ್ರ ನಗು. ಆ ಚಿತ್ರ ಬರೆದವನಿಗೆ ಅಂಗೈ ಬಿಡಿಸಲೂ ಬರುವುದಿಲ್ಲ. ಇಂಥವನ ಬುದ್ಧಿಮಾತು ನನಗೆ ಬೇಡ.

ಜೀವಮಾನವೆಲ್ಲ ಬಟ್ಟೆ ಗಿರಣಿಯಲ್ಲಿ ಸುರಕ್ಷತಾ ಅಧಿಕಾರಿಯಾಗಿದ್ದವನು ನೀನು. ನಿವೃತ್ತಿಯಾದ ಮೇಲೆ ಹೆದರಿಸುವುದಕ್ಕೆ ಕೆಲಸಗಾರರಿಲ್ಲ, ಅದಕ್ಕೆ ಅಕ್ಕ ಸಿಕ್ಕಿದಳು. ಗಿರಣಿಯ ಕಬ್ಬಿಣದ ಮೆಟ್ಟಿಲಿಗೆಂದು ನನ್ನಿಂದ ಬರೆಸಿದ ಬೋರ್ಡು ನೆನಪಿದೆಯೇ? "ಬಿದ್ದೀರಿ, ಜೋಕೆ!" ಎಂದಿರಬೇಕಿತ್ತು. ನಾನು "ಎದ್ದೀರಿ, ಜೋಕೆ!" ಎಂದು ಬರೆದುಬಿಟ್ಟೆ. ಒಂದಕ್ಷರದ ವ್ಯತ್ಯಾಸಕ್ಕೆ, ಕೆಲಸಗಾರರು ದಂಗೆ ಏಳುತ್ತಾರೆಂದು ಮ್ಯಾನೇಜರ್ ಬೆವೆತು ನಿನ್ನನ್ನು ಕರೆಸಿದ. ನೀನು ಬೋರ್ಡು ಕಿತ್ತು ತಂದು ನನ್ನ ಬಾಗಿಲಲ್ಲಿ ಎಸೆದು, ಒಂದು ತಿಂಗಳು ಮಾತು ಬಿಟ್ಟೆ. ನಾನು ಬೇರೆ ಬರೆದುಕೊಟ್ಟೆ. ಹಳೆಯದು ಇವತ್ತಿಗೂ ನನ್ನ ಬಣ್ಣದ ಡಬ್ಬಿಗಳಿಗೆ ಹಲಗೆಯಾಗಿದೆ.

ಫೋನು ಮಾಡಿ ಬೈಯೋಣವೆಂದರೆ ನಿನ್ನ ಕಿವಿಯನ್ನು ಮಗ್ಗಗಳು ತಿಂದು ಹಾಕಿವೆ. "ಏಣಿ" ಅಂದರೆ "ಯಾವ ರಾಣಿ?" ಅನ್ನುತ್ತೀಯ. ಅಂದ ಹಾಗೆ, ಪೆನ್ಸಿಲಿನಲ್ಲಿ ಬರೆದಿದ್ದೀಯಲ್ಲ, ಶಾಯಿಗೂ ಜಿಪುಣತನವೇ?

ಇಳಿಯದ ಅಕ್ಕ


ಮಾರ್ಚ್ 15

ಅಕ್ಕನ ಗಮನಕ್ಕೆ,

ಪೆನ್ನು ಕೆಟ್ಟಿದೆ. ಅದು ಮುಖ್ಯವಲ್ಲ.

ಏಣಿಯಿಂದ ಬಿದ್ದವನೊಬ್ಬನನ್ನು ನಾನು ಗಿರಣಿಯಲ್ಲಿ ಕೈಯಾರೆ ಎತ್ತಿದ್ದೇನೆ. ಅವನೂ ನಿನ್ನ ಹಾಗೆಯೇ ನಗಿಸುತ್ತಿದ್ದ. ನಗುವ ವಿಷಯವಲ್ಲ ಇದು. ನೀನು ರಕ್ತದೊತ್ತಡದ ಮಾತ್ರೆ ನುಂಗುತ್ತೀಯ. ಮಲಗಿದ್ದಲ್ಲಿಂದ ಧಡಕ್ಕನೆ ಏಳಬಾರದು. ಮೊದಲು ಕೂರಬೇಕು, ತಲೆ ತಿರುಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ನಿಲ್ಲಬೇಕು. ಓದುವುದಕ್ಕೂ ದೂರಕ್ಕೂ ಒಂದೇ ಕನ್ನಡಕ ಹಾಕುತ್ತೀಯ. ಅದರ ಕೆಳಭಾಗದಿಂದ ನೋಡಿದರೆ ಮೆಟ್ಟಿಲು ಇರುವ ಜಾಗ ಬೇರೆ, ಕಾಣುವ ಜಾಗ ಬೇರೆ. ಹಿಂಬದಿ ಇಲ್ಲದ ಚಪ್ಪಲಿ ಎಸೆ. ಓಡಾಡುವ ದಾರಿಯಲ್ಲಿ ಡಬ್ಬಿಗಳನ್ನು ಇಡಬೇಡ.

ಇದರ ಜತೆ ಒಂದು ಕಾಲೊರೆಸುವ ಮ್ಯಾಟು ಕಳಿಸುತ್ತಿದ್ದೇನೆ. ಸೊಸೆ ಅಂಗಡಿಯಲ್ಲಿ ಆರಿಸಿ ತಂದಳು. ಹೊಸಿಲ ಬಳಿ ಹಾಕಿಕೋ. ಒದ್ದೆ ಕಾಲಲ್ಲಿ ಒಳಗೆ ಬಂದು ಜಾರಬೇಡ.

ಇಲ್ಲಿ ಎಲ್ಲ ಕ್ಷೇಮ. ಎದುರು ತಾರಸಿಯ ಬೆಕ್ಕು ಮರಿ ಹಾಕಿದೆ. ನೀರಿನ ತೊಟ್ಟಿಯ ಹಿಂದೆ ಒಂದೊಂದನ್ನೇ ಕಚ್ಚಿಕೊಂಡು ಸಾಗಿಸುತ್ತದೆ. ಎಲ್ಲೂ ಎಡವುವುದಿಲ್ಲ.

ಎಚ್ಚರದಿಂದಿರು.
ತಮ್ಮ


ಏಪ್ರಿಲ್ 9

ತಮ್ಮಾ,

ಬೇಕರಿ ಬೋರ್ಡು ಮುಗಿಯಿತು. ಏಣಿಯಿಂದ ಇಳಿದೆ, ಬೀಳಲಿಲ್ಲ. ನಿನಗೆ ನಿರಾಸೆಯಾಗಿದ್ದರೆ ಕ್ಷಮೆ ಇರಲಿ. ಕೆಲಸ ಹೆಚ್ಚು, ಹೆಚ್ಚು ಬರೆಯಲಾರೆ. ಮ್ಯಾಟು ಬಂತು. ಬೆಕ್ಕಿನ ಮರಿಗಳು ಹೇಗಿವೆ?

ಅಕ್ಕ


ಏಪ್ರಿಲ್ 16

ಅಕ್ಕ,

ನಿನ್ನ "ಕ" ಯಾಕೆ ಮಗ್ಗುಲಾಗಿ ಬಿದ್ದಿದೆ? "ಅ" ಹೊಟ್ಟೆ ಒಡೆದುಕೊಂಡಿದೆ. ಸಾಲು ಬೆಟ್ಟ ಹತ್ತುತ್ತಿದೆ. ಸಂತೆಯಲ್ಲಿ ನಿಂತು ಬರೆದರೂ ನಿನ್ನ ಸಾಲು ದಾರ ಹಿಡಿದ ಹಾಗೆ ಇರುತ್ತಿತ್ತು. ಇದು ನಿನ್ನ ಬಲಗೈ ಅಲ್ಲ.

ಬಿದ್ದೆ ತಾನೆ? ಏಣಿಯಿಂದ ಬಿದ್ದೆ. ಹೇಳಿದ್ದೆನೋ ಇಲ್ಲವೋ? ಊರಿಗೆಲ್ಲ ದೊಡ್ಡ ಅಕ್ಷರ ಬರೆಯುವವಳು ತಮ್ಮನಿಗೆ ಸಣ್ಣ ಅಕ್ಷರದಲ್ಲಿ ಸುಳ್ಳು ಬರೆಯುತ್ತೀಯ. ಇವತ್ತೇ ಆ ಏಣಿಯನ್ನು ಒಡೆಸಿ ಒಲೆಗೆ ಹಾಕು. ಎಲ್ಲಿ ಏಟಾಗಿದೆ, ಯಾರು ನೋಡಿಕೊಳ್ಳುತ್ತಿದ್ದಾರೆ, ಎಲ್ಲ ಬರೆ. ನನಗೆ ಊಟ ಸೇರುತ್ತಿಲ್ಲ.

ತಮ್ಮ


ಏಪ್ರಿಲ್ 30

ಸಾಹೇಬರೇ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ದಿನಕ್ಕಿಷ್ಟು ಎಂದು ಬರೆದು ಮುಗಿಸಿದ ಕಾಗದ ಇದು, ಸಮಾಧಾನದಿಂದ ಓದು.

ಹೌದು, ಬಿದ್ದೆ. ಏಣಿಯಿಂದಲ್ಲ. ಏಣಿ ನನ್ನನ್ನು ಐವತ್ತು ವರ್ಷ ಹೊತ್ತಿದೆ, ಒಮ್ಮೆಯೂ ಕೈಬಿಟ್ಟಿಲ್ಲ. ಬೋರ್ಡು ಮುಗಿಸಿ, ಕುಂಚ ತೊಳೆದು, ಹಾಡು ಗುನುಗುತ್ತಾ ಮನೆಗೆ ಬಂದೆ. ಬಾಗಿಲು ತೆಗೆದು ಒಳಗೆ ಕಾಲಿಟ್ಟದ್ದು ನೀನು ಕಳಿಸಿದ ಮ್ಯಾಟಿನ ಮೇಲೆ. ಅದು ಸರ್ರನೆ ಮುಂದಕ್ಕೆ ಹೋಯಿತು, ನಾನು ಹಿಂದಕ್ಕೆ ಹೋದೆ. ಬಲಗೈ ಊರಿದೆ, ಮಣಿಕಟ್ಟು ಮುರಿಯಿತು. ಮ್ಯಾಟಿನ ಮೇಲೆ "ಸುಸ್ವಾಗತ" ಎಂದು ಬರೆದಿದೆಯಪ್ಪಾ ಸುರಕ್ಷತಾ ಅಧಿಕಾರಿ! ಅಕ್ಷರ ಕೂಡ ಕೆಟ್ಟದಾಗಿದೆ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋಣವೆಂದರೆ ನನಗೆ ಮೀಸೆಯೂ ಇಲ್ಲ.

ಪಕ್ಕದ ಮನೆಯ ಟೀಚರಮ್ಮ ನನ್ನ ಕೂಗು ಕೇಳಿ ಬಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಪ್ಲಾಸ್ಟರ್ ಹಾಕಿದ್ದಾರೆ. ಮೂಳೆ ತೆಳ್ಳಗಾಗಿದೆಯಂತೆ, ಅದಕ್ಕೂ ಮಾತ್ರೆ ಕೊಟ್ಟಿದ್ದಾರೆ. ನೆಗಡಿಗೆಂದು ನಾನೇ ಕೊಂಡು ನುಂಗುತ್ತಿದ್ದ ಮಾತ್ರೆ ಮಂಪರು ತರುತ್ತದೆ ಎಂದು ಡಾಕ್ಟರು ಬೈದರು. ಕನ್ನಡಕದ ಬಗ್ಗೆ ನೀನು ಬರೆದದ್ದನ್ನೇ ಅವರೂ ಅಂದರು. ಅಷ್ಟರ ಮಟ್ಟಿಗೆ ನೀನು ಗೆದ್ದೆ. ಈಗ ಆಸ್ಪತ್ರೆಯ ವ್ಯಾಯಾಮದ ಮೇಡಂ ನನಗೆ ಪಾಠ ಹೇಳುತ್ತಾರೆ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಅಡುಗೆಕಟ್ಟೆ ಹಿಡಿದು ಒಂದೇ ಕಾಲಲ್ಲಿ ನಿಲ್ಲುವುದು, ಬಿದ್ದರೆ ನೆಲದಿಂದ ಏಳುವುದು. ಏಳುವುದಕ್ಕೂ ಪಾಠ! ಕೊಕ್ಕರೆಯ ಹಾಗೆ ನಿಂತಿರುತ್ತೇನೆ, ನೋಡಿದರೆ ನಗುತ್ತೀಯ.

ನನ್ನದಾಯಿತು, ಇನ್ನು ನಿನ್ನದು. ನನ್ನ ಅಕ್ಷರ ಓದಿದೆಯಲ್ಲ, ನಿನ್ನದನ್ನು ನಾನು ಓದುವುದಿಲ್ಲ ಎಂದುಕೊಂಡೆಯಾ? ಮಲಗಿ ಮಲಗಿ ಬೇಸರ ಬಂದು ನಿನ್ನ ಕಾಗದಗಳನ್ನೆಲ್ಲ ತೆಗೆದು ಓದಿದೆ. ಹೋದ ವರ್ಷದವುಗಳಲ್ಲಿ ರೈಲ್ವೆ ನಿಲ್ದಾಣದ ಬೆಂಚು, ಕ್ಷೌರದಂಗಡಿಯ ಜಗಳ, ಸೇತುವೆಯ ಮೇಲೆ ಮೀನು ಹಿಡಿಯುವವರು ಎಲ್ಲ ಇದ್ದಾರೆ. ಈ ವರ್ಷ ಏನಿದೆ? ಒಂದು ಕಿಟಕಿ, ಒಂದು ಬೆಕ್ಕು. ಜತೆಗೆ ಪೆನ್ಸಿಲ್.

ನಾನು ನಾಟಕಶಾಲೆಯ ಛಾವಣಿಗೆ ಬಣ್ಣ ಹೊಡೆದವಳು. ಮಲಗಿಕೊಂಡು ಮೇಲ್ಮುಖವಾಗಿ ಬರೆದರೆ ಪೆನ್ನು ಶಾಯಿ ಬಿಡುವುದಿಲ್ಲ. ಅಂಗಾತ ಮಲಗಿ ಬರೆಯುವವನು ಹಿಡಿಯುವುದು ಪೆನ್ಸಿಲನ್ನೇ. ಏನಾಗಿದೆ ನಿನಗೆ? ನನ್ನ ತಲೆಯ ಮೇಲೆ ಆಣೆ, ನಿಜ ಬರೆ.

ಅಕ್ಕ


ಮೇ 20

ತಮ್ಮಾ, ಉತ್ತರ ಎಲ್ಲಿ? ಸೊಸೆಗೆ ಫೋನು ಮಾಡಿದೆ. "ಮಾವಂದು ಮಾವನೇ ಬರೀತಾರೆ ಅತ್ತೆ" ಎಂದು ಅಳುವ ದನಿಯಲ್ಲಿ ಹೇಳಿ ಇಟ್ಟಳು. ಬರೆ.


ಜೂನ್ 2

ಅಕ್ಕ,

ಜನವರಿಯಲ್ಲಿ ಬಿದ್ದೆ. ಅದಾದ ಮೇಲೆಯೇ ನಿನಗೆ ಏಣಿ ಬಿಡು ಎಂದು ಬರೆಯತೊಡಗಿದ್ದು.

ಮಂಚದಿಂದ ಸ್ನಾನದ ಮನೆಗೆ ಹೋಗುವ ಹಾದಿ, ಅಷ್ಟೆ. ಮೂಳೆ ಮುರಿಯಲಿಲ್ಲ, ತೊಡೆ ಕಂದಿತು. ಆದರೆ ಏಳಲಾಗಲಿಲ್ಲ. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಸೊಸೆ ಬರುವ ತನಕ ತಣ್ಣನೆ ನೆಲದ ಮೇಲೆ ಬಿದ್ದಿದ್ದೆ. ಬಟ್ಟೆ ಒದ್ದೆಯಾಗಿತ್ತು. ಅವಳೇ ಎಲ್ಲ ಒರೆಸಿದಳು. ಸಾವಿರ ಜನರಿಗೆ ಹೇಗೆ ನಡೆಯಬೇಕೆಂದು ಹೇಳಿದವನು ನಾನು. ನಾಚಿಕೆಯಾಯಿತು ಅಕ್ಕ, ತುಂಬಾ ನಾಚಿಕೆಯಾಯಿತು.

ಆಮೇಲೆ ಭಯ. ಮೊದಲು ನಿಲ್ದಾಣಕ್ಕೆ ಹೋಗುವುದು ಬಿಟ್ಟೆ. ಆಮೇಲೆ ಬಾಗಿಲವರೆಗೆ, ಆಮೇಲೆ ಕುರ್ಚಿಯವರೆಗೆ ಹೋಗುವುದನ್ನೂ. "ಅಪ್ಪಾ, ನೀವು ಏಳ್ಬೇಡಿ, ಏನ್ ಬೇಕೋ ಕೇಳಿ, ನಾವಿದೀವಲ್ಲ" ಅನ್ನುತ್ತಾನೆ ಮಗ. ಒಳ್ಳೆಯ ಮನಸ್ಸಿನಿಂದಲೇ ಅನ್ನುತ್ತಾನೆ. ನಾನು ಬೀಳದಿರಲೆಂದು ಬದಿಗೆ ಕಂಬಿ ಇರುವ ಮಂಚ ತಂದಿದ್ದಾನೆ. ಕಾಲು ಬೆಂಕಿಕಡ್ಡಿಯಾಗಿವೆ. ಈಗ ಏಳದಿದ್ದರೆ ಇನ್ನು ಮುಂದೆ ನಡೆಯುವುದು ಕಷ್ಟ ಎಂದು ಡಾಕ್ಟರು ಹೇಳಿ ಹೋದರು.

ಇರಲಿ ಬಿಡು. ಗಿರಣಿಯ ಗೇಟಿನಲ್ಲಿ "ಅಪಘಾತವಿಲ್ಲದ ದಿನಗಳು" ಎಂಬ ಬೋರ್ಡು ಇತ್ತಲ್ಲ, ನೀನೇ ಬರೆದದ್ದು. ನನ್ನ ಲೆಕ್ಕ ಈಗ ದಿನಾ ಏರುತ್ತಿದೆ. ಮಲಗಿದವನು ಬೀಳುವುದಾದರೂ ಎಲ್ಲಿಗೆ?

ಮ್ಯಾಟಿಗೆ ಕ್ಷಮಿಸು.
ತಮ್ಮ


ಜೂನ್ 9

ನನ್ನ ತಮ್ಮಾ,

ನಿನ್ನ ಕಾಗದ ಓದಿ ಅತ್ತೆ. ಮುಖ ತೊಳೆದು ಬಂದು ಇನ್ನೊಮ್ಮೆ ಓದಿದೆ, ಈ ಸಲ ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಬರೆಯುತ್ತಿದ್ದೇನೆ.

ಬಾಗಿಲು ಮುಚ್ಚಿದ ಗಿರಣಿಯಲ್ಲೂ ಅಪಘಾತ ಆಗುವುದಿಲ್ಲ. ಅದಕ್ಕೆಂದು ನಿನಗೆ ಯಾರಾದರೂ ಶಾಲು ಹೊದಿಸಿದ್ದರೇ? ಮಗ್ಗ ನಿಲ್ಲಿಸದೆ ಕೈ ಉಳಿಸುವುದು ಹೇಗೆ ಎಂದು ಹೇಳಿಕೊಟ್ಟವನು ನೀನು. ನಿನ್ನ ಮಗ್ಗವನ್ನೇ ನಿಲ್ಲಿಸಿ ಸುರಕ್ಷತೆ ಅನ್ನುತ್ತೀಯ. ಬಟ್ಟೆ ಒದ್ದೆಯಾದದ್ದಕ್ಕೆ ನಾಚಿಕೆಯೇ? ನಿನ್ನ ಒದ್ದೆ ಬಟ್ಟೆ ಎಷ್ಟು ಬದಲಿಸಿದ್ದೇನೆ ಎಂದು ನಾನು ಹೇಳಹೊರಟರೆ ನೀನು ಊರು ಬಿಡಬೇಕಾಗುತ್ತದೆ.

ಬಿದ್ದದ್ದಕ್ಕಿಂತ ಬಿದ್ದೇನೆಂಬ ಭಯ ಹೆಚ್ಚು ಜನರನ್ನು ಮಲಗಿಸುತ್ತದೆಯಂತೆ, ನಮ್ಮ ಮೇಡಂ ಹೇಳುತ್ತಾರೆ. ನಡೆಯದಿದ್ದರೆ ಕಾಲು ಸೊರಗುತ್ತದೆ, ಸೊರಗಿದ ಕಾಲು ಬೀಳಿಸುತ್ತದೆ, ಬಿದ್ದವನು ಇನ್ನಷ್ಟು ಮಲಗುತ್ತಾನೆ. ಅದಕ್ಕೆ ಒಂದು ವ್ಯಾಪಾರ ಮಾಡೋಣ. ನೀನು ಮಂಚದಿಂದ ಇಳಿ, ನಾನು ಏಣಿಯಿಂದ ಇಳಿಯುತ್ತೇನೆ. ಇನ್ನು ಮೇಲೆ ಬೋರ್ಡುಗಳನ್ನು ಮೇಜಿನ ಮೇಲಿಟ್ಟು ಬರೆಯುತ್ತೇನೆ, ತೂಗುಹಾಕುವುದನ್ನು ಬೇರೆಯವರು ಮಾಡಲಿ. ಇದನ್ನು ಬರೆಯುವ ಮುಂಚೆ ಎರಡು ಸಲ ಹೋಗಿ ಏಣಿಯನ್ನು ಮುಟ್ಟಿ ಬಂದೆ, ಅದೂ ನಿನಗೆ ತಿಳಿದಿರಲಿ. ಏಣಿಯ ಮೇಲೆ ನಿಂತಾಗ ಮಾತ್ರ ಯಾರೂ ನನ್ನನ್ನು ಮುದುಕಿ ಅಂದಿರಲಿಲ್ಲ.

ಹುಚ್ಚು ಧೈರ್ಯ ಬೇಡ. ಡಾಕ್ಟರನ್ನು ಕೇಳು, ನನಗಿರುವಂಥ ಮೇಡಂ ಒಬ್ಬರನ್ನು ಮನೆಗೆ ಕರೆಸು. ಮೊದಲು ಮಂಚದ ಅಂಚಿನಲ್ಲಿ ಕೂರು. ಸೊಸೆ ಪಕ್ಕದಲ್ಲಿರಲಿ, ಎತ್ತುವುದಕ್ಕಲ್ಲ, ನೋಡುವುದಕ್ಕೆ. ಬಿದ್ದರೆ ಎದ್ದೇಳುವ ಪಾಠ ಇದು: ಮಗ್ಗುಲಾಗು, ಮಂಡಿ ಮತ್ತು ಕೈ ಊರು, ಅಂಬೆಗಾಲಿಟ್ಟು ಕುರ್ಚಿಗೆ ಹೋಗು, ಕುರ್ಚಿ ಹಿಡಿದು ಒಂದು ಪಾದ ಊರಿ ಏಳು. ಅಂಬೆಗಾಲು ನಿನಗೆ ಗೊತ್ತು, ನಾನೇ ಕಲಿಸಿದ್ದು.

ಬಲಗೈ ಇನ್ನೂ ಬಿಗಿಯಾಗಿದೆ, ಹೊಸ ಬೋರ್ಡು ಬರೆಯಲಾರೆ. ಡಬ್ಬಿಗಳನ್ನು ಇಳಿಸಿ ಹಳೆಯದನ್ನು ತಿಕ್ಕಿ ತೊಳೆದೆ. ಪಾರ್ಸೆಲ್ ಬರುತ್ತದೆ. ಮಂಚದ ಎದುರಿಗೆ ಹಾಕಿಸು. ಅಂದು ಅದನ್ನು ಕಿತ್ತವನು ನೀನು, ಇಂದು ನೀನೇ ಅದರ ಮುಂದೆ ಏಳು.

ಅಕ್ಕ


ಜುಲೈ 4

ಅಕ್ಕನ ಗಮನಕ್ಕೆ,

ಬೋರ್ಡು ಬಂದು ತಲುಪಿತು. ಮಗ ಓದಿ, "ಅಪ್ಪಾ, ಅತ್ತೆಗೆ ಕಾಗುಣಿತ ಮರ್ತೋಯ್ತಾ?" ಅಂದ. ಜನವರಿಯ ನಂತರ ಮೊದಲ ಸಲ ನಕ್ಕೆ. ಹಳೆಯ ಕಥೆ ಹೇಳಿದೆ. ಅವನು ನಗಲಿಲ್ಲ. "ಬಿದ್ರೆ ಯಾರು ಜವಾಬ್ದಾರಿ?" ಅಂದ. ಥೇಟ್ ನನ್ನದೇ ಧ್ವನಿ! ನಾನು ಇಷ್ಟು ವರ್ಷ ಹೀಗೆ ಮಾತಾಡುತ್ತಿದ್ದೆನೇ? ಜನ ಹೇಗೆ ಸಹಿಸಿದರು?

ಬೋರ್ಡಿಗೆ ಮೊಳೆ ಹೊಡೆದದ್ದು ಸೊಸೆ. "ಮಾವಾ, ಕೈ ಹಿಡ್ಕೊಳ್ಲಾ?" ಅಂದಳು. "ಬೇಡಮ್ಮಾ, ಕುರ್ಚಿ ಹಿಡ್ಕೋ, ಅದು ಜಾರದೇ ಇರ್ಲಿ" ಅಂದೆ. ಮೊದಲ ದಿನ ಎದ್ದು ನಿಂತದ್ದು ನಾನೋ ನನ್ನ ನಡುಕವೋ ಗೊತ್ತಿಲ್ಲ. ಹಾಗೇ ಕೂತುಬಿಟ್ಟೆ. ಮಾರನೆಯ ದಿನ ನಿನ್ನ ಮೇಲಿನ ಸಿಟ್ಟಿಗೆ ಇನ್ನೂ ಸ್ವಲ್ಪ ಹೊತ್ತು ನಿಂತೆ. ಮನೆಗೆ ಬರುವ ವ್ಯಾಯಾಮದವನು ಒರಟ. ಬೈಯುತ್ತಾನೆ, ಆದರೆ ನಿನ್ನಷ್ಟು ಚೆನ್ನಾಗಿ ಬರುವುದಿಲ್ಲ.

ಇದನ್ನು ಕೂತು ಬರೆಯುತ್ತಿದ್ದೇನೆ. ಪೆನ್ಸಿಲೇ. ಮನೆಯಲ್ಲಿ ಇರುವುದು ಅದೊಂದೇ.

ಏಣಿ ಏನಾಯಿತು? ನೀನು ಅದರ ವಿಷಯ ಬರೆದೇ ಇಲ್ಲ.

ತಮ್ಮ


ಜುಲೈ 20

ತಮ್ಮಾ,

ಏಣಿಯನ್ನು ಕೊಡಲಾಗಲಿಲ್ಲ. ಕೇಳಲು ಬಂದವನನ್ನು ಬಾಗಿಲಲ್ಲೇ ವಾಪಸ್ಸು ಕಳಿಸಿದೆ. ಗೋಡೆಗೆ ಒರಗಿ ನಿಂತಿತ್ತು, ಕೆಲಸವಿಲ್ಲದ ಮುದುಕನ ಹಾಗೆ. ಅದನ್ನು ನೋಡಿ ನಿನ್ನ ನೆನಪಾಯಿತು. ಒಂದು ಬೆಳಿಗ್ಗೆ ಬಡಗಿಯನ್ನು ಕರೆಸಿದೆ.

"ಇದರ ಮೆಟ್ಟಿಲುಗಳನ್ನ ಬಿಚ್ಚಿ ಹಿಡಿಕೆ ಮಾಡ್ಕೊಡು" ಅಂದೆ. ಅವನು, "ಅಮ್ಮಾ, ಸ್ಟೀಲಿಂದು ಸಿಗುತ್ತೆ, ಇದ್ಯಾಕೆ?" ಅಂದ. "ಸ್ಟೀಲಿಗೆ ನನ್ನ ಕೈ ಗೊತ್ತಿಲ್ಲ" ಅಂದೆ. ಬೈದುಕೊಂಡೇ ಗಟ್ಟಿ ಮೆಟ್ಟಿಲುಗಳನ್ನು ನೋಡಿ ಆರಿಸಿ, ಗೋಡೆ ಕೊರೆದು, ಉದ್ದನೆಯ ಬೋಲ್ಟು ಬಿಗಿದು ಕೊಟ್ಟ. ಒಂದು ಸ್ನಾನದ ಮನೆಯಲ್ಲಿ, ಒಂದು ಹೊಸಿಲ ಪಕ್ಕದಲ್ಲಿ. ಅವನೇ ನೇತಾಡಿ ನೋಡಿದ, ಅಲುಗಲಿಲ್ಲ. ಹಿಡಿಕೆ ಹಾಕಿಸಿಕೊಂಡವಳು ಸೋತವಳು ಎಂದು ನಾನೇ ಎಷ್ಟು ಜನರನ್ನು ಆಡಿಕೊಂಡಿದ್ದೆ. ಈಗ ಸ್ನಾನ ಮಾಡುವಾಗಲೂ ಏಣಿ ಹಿಡಿದಿರುತ್ತೇನೆ. ನನ್ನನ್ನು ಅದರಿಂದ ಇಳಿಸಿದೆನೆಂದು ಬೀಗಬೇಡ.

ಒಂದು ಮೆಟ್ಟಿಲು ನಿನಗೂ ಕಳಿಸಿದ್ದೇನೆ. ಬೋಲ್ಟು ಕೂಡ ಅದರ ಜತೆಗಿದೆ. ಮಗನಿಗೆ ಹೇಳು, ಜವಾಬ್ದಾರಿ ಅತ್ತೆಯದು.

ಮ್ಯಾಟಿನ ಮೇಲೆ ಟೀಚರಮ್ಮನ ನಾಯಿ ಮಲಗುತ್ತದೆ. ಅದಕ್ಕೆ ನಾಲ್ಕು ಕಾಲು, ತೊಂದರೆಯಿಲ್ಲ.

ಅಕ್ಕ


ಸೆಪ್ಟೆಂಬರ್ 6

ಅಕ್ಕ,

ಮೊನ್ನೆ ಮತ್ತೆ ಬಿದ್ದೆ.

ಗಾಬರಿಯಾಗಬೇಡ, ಪೂರ್ತಿ ಓದು. ಮನೆಯಲ್ಲಿ ಯಾರೂ ಇರಲಿಲ್ಲ. ಅಡುಗೆಮನೆಯಿಂದ ಚಹಾ ಲೋಟ ಹಿಡಿದು ಬರುತ್ತಿದ್ದೆ. ತಪ್ಪು ನನ್ನದೇ, ಕೈ ಖಾಲಿ ಇರಬೇಕಿತ್ತು. ತಿರುಗುವಾಗ ಕಾಲಿಗೆ ಕಾಲು ತೊಡರಿತು, ಮೆಲ್ಲಗೆ ಕುಸಿದೆ. ಅದೇ ನೆಲ, ಅದೇ ತಣ್ಣಗಿನ ಕಲ್ಲು. ಜನವರಿ ಪೂರ್ತಿ ಎದೆಯ ಮೇಲೆ ಬಂದು ಕೂತಿತು. ಸ್ವಲ್ಪ ಹೊತ್ತು ಸುಮ್ಮನೆ ಬಿದ್ದಿದ್ದೆ. ತಲೆ ತಿರುಗಿಸಿದರೆ ಕೋಣೆಯ ತೆರೆದ ಬಾಗಿಲಿನಿಂದ ಒಳಗಿನ ನಿನ್ನ ಬೋರ್ಡು ಕಾಣುತ್ತಿತ್ತು. ಕೆಳಗಿನಿಂದ ನೋಡಿದರೆ ನಿನ್ನ ಅಕ್ಷರ ಭಾರೀ ದೊಡ್ಡದು.

ಕೈಕಾಲು ಅಲ್ಲಾಡಿಸಿ ನೋಡಿದೆ. ಎಲ್ಲೂ ವಿಪರೀತ ನೋವಿರಲಿಲ್ಲ. ಮಗ್ಗುಲಾದೆ. ಮಂಡಿ ಊರಿದೆ. ಚೆಲ್ಲಿದ ಚಹಾದಲ್ಲಿ ಅಂಬೆಗಾಲಿಟ್ಟೆ. ಕುರ್ಚಿ ಇನ್ನೊಂದು ಊರಿನಲ್ಲಿದ್ದಷ್ಟು ದೂರವಿತ್ತು. ಒಂದು ಸಲ ಮಂಡಿ ಮಡಚಿಕೊಂಡಿತು, ನಿನ್ನನ್ನು ಹಾಯಾಗಿ ಬೈದೆ. ಎರಡನೆಯ ಸಲಕ್ಕೆ ಎದ್ದೆ.

ಎದ್ದೆ ಅಕ್ಕ. ಯಾರೂ ಎತ್ತಲಿಲ್ಲ.

ಸಂಜೆ ಮಗ ಬಂದಾಗ ಬಟ್ಟೆ ಬದಲಿಸಿ, ನೆಲ ಒರೆಸಿ, ಕೂತಿದ್ದೆ. ಮುಚ್ಚಿಡಬಹುದಿತ್ತು. ಮುಚ್ಚಿಟ್ಟು ಏನಾಯಿತೆಂದು ನಮ್ಮಿಬ್ಬರಿಗೂ ಗೊತ್ತಲ್ಲ, ಅದಕ್ಕೆ ಹೇಳಿಬಿಟ್ಟೆ. ಅವನ ಮುಖ ಬಿಳಿಚಿತು. ಆಸ್ಪತ್ರೆಗೆ ಕರೆದೊಯ್ದು ತೋರಿಸಿದ, ಎಲ್ಲ ಸರಿಯಿದೆ. ಬರುವ ದಾರಿಯಲ್ಲಿ, "ಅಪ್ಪಾ, ನಾಳೆಯಿಂದ ದಯವಿಟ್ಟು ಏಳ್ಬೇಡಿ" ಅಂದ. ಅವನ ಕಣ್ಣಲ್ಲಿ ನೀರಿತ್ತು.

"ನಾಳೆಯಿಂದ ಆ ಕಂಬಿ ಮಂಚ ಬೇಡ, ತಗೊಂಡ್ಹೋಗೋಕೆ ಹೇಳು" ಅಂದೆ. "ಬೀಳೋದನ್ನ ತಡೆಯೋಕೆ ಆಗೋದನ್ನೆಲ್ಲಾ ಮಾಡ್ತೀನಿ. ಹಿಡಿಕೆ ಹಿಡೀತೀನಿ, ಕೋಲು ಹಿಡೀತೀನಿ, ಒರಟನ ಕೈಲಿ ಬೈಸ್ಕೋತೀನಿ. ಏಳೋದನ್ನ ಮಾತ್ರ ತಡೀಬೇಡ ಕಣಪ್ಪಾ." ಇವತ್ತು ಬೆಳಿಗ್ಗೆ ಮಂಚ ಹೋಯಿತು.

ಈ ಕಾಗದ ಶಾಯಿಯಲ್ಲಿದೆ, ಗಮನಿಸಿದೆಯಾ? ಪೆನ್ನು ಬೀದಿ ಕೊನೆಯ ಅಂಗಡಿಯದು. ಯಾರು ನಡೆದು ಹೋಗಿ ತಂದರು ಎಂದು ಕೇಳು.

ಎದ್ದಿದ್ದೇನೆ, ಜೋಕೆ!
ನಿನ್ನ ತಮ್ಮ